11090ರಲ್ಲಿ 9750 ಕಳೆದರೆ ಟಿವಿ ಬರುತ್ತದೆ

ಮಾರ್ಚ್ ತಿಂಗಳಲ್ಲಿ ಜಗಳೂರು ಕಡೆಯ ನಮ್ಮ ದೊಡ್ಡಮ್ಮನ ಮನೆಗೆ ಹೋದಾಗ ಮಾಳಿಗೆ ಮೇಲೆ ಮೂವರು ನಿಂತಿದ್ದರು. ಒಬ್ಬ ಡಿಶ್ಶಿನ ತಟ್ಟೆ ಹಿಡಿದಿದ್ದ, ಇನ್ನೊಬ್ಬನ ಕೈಯಲ್ಲಿ ಸ್ಪ್ಯಾನರ್, ಮೂರನೆಯವನು ಅಂಗಳದತ್ತ ಬಗ್ಗಿ "ಬಂತೇನೋ?" ಎಂದು ಕೂಗುತ್ತಿದ್ದ. ಒಳಗಿನಿಂದ "ಇಲ್ಲಣ್ಣ" ಎಂಬ ಉತ್ತರ. ಎರಡು ದಿನದಿಂದ ಇದೇ ನಡೆದಿತ್ತು. ಕರೆಂಟ್ ಹೋಗಿ ಬಂದ ಮೇಲೆ ಬಾಕ್ಸ್ ಹ್ಯಾಂಗ್ ಆಗಿ, ಪಕ್ಕದ ಮನೆ ಹುಡುಗ ಫ್ಯಾಕ್ಟರಿ ರೀಸೆಟ್ ಒತ್ತಿ, ಮೆನುವಿನಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಒತ್ತಿ ಓಕೆ ಕೊಟ್ಟಿದ್ದನಂತೆ. "ಅಮಾಸೆ ಕಳೀಲಿ, ತಾನೇ ಬರ್ತೈತೆ ಅಂದ್ರು ಕಣಪ್ಪ, ಅದ್ಕೇ ಸುಮ್ನಿದೀನಿ" ಎಂದರು ದೊಡ್ಡಮ್ಮ.

ನಾನು ಮಾಳಿಗೆ ಹತ್ತಲಿಲ್ಲ. ರಿಮೋಟ್ ಹಿಡಿದು ಮೆನು, ಅದರೊಳಗೆ ಇನ್‌ಸ್ಟಾಲೇಶನ್, ಪಾಸ್‌ವರ್ಡ್ ಕೇಳಿದ ಕಡೆ ನಾಲ್ಕು ಸೊನ್ನೆ. ಪರದೆಯ ಕೆಳಗೆ ಎರಡು ಪಟ್ಟಿ ಕಾಣಿಸಿದವು. ಸ್ಟ್ರೆಂತ್ 70ರ ಮೇಲಿತ್ತು, ಕ್ವಾಲಿಟಿ ಸೊನ್ನೆ. ಉಪಗ್ರಹದ ಹೆಸರು ಸರಿಯಾಗಿತ್ತು. ಫ್ರೀಕ್ವೆನ್ಸಿ 11090, ಸಿಂಬಲ್ ರೇಟ್ 29500, ಅವೂ ಸರಿ. ಎಲ್‌ಎನ್‌ಬಿ (ಡಿಶ್ಶಿನ ಮುಂದೆ ಕೋಲಿನ ತುದಿಯಲ್ಲಿರುವ ಡಬ್ಬಿ) ಎಂಬ ಸಾಲಿನಲ್ಲಿ ಮಾತ್ರ 5150 ಎಂದು ಕೂತಿತ್ತು. ಆ ಒಂದು ಸಂಖ್ಯೆಗಾಗಿ ಮೂವರು ಎರಡು ದಿನ ಬಿಸಿಲು ಕಾದಿದ್ದರು.

ಅಮಾವಾಸ್ಯೆಗೂ ಡಿಶ್ಶಿಗೂ ಸಂಬಂಧವಿಲ್ಲ. ಚಂದ್ರ ನಮ್ಮಿಂದ ಸುಮಾರು 3 ಲಕ್ಷ 84 ಸಾವಿರ ಕಿಲೋಮೀಟರ್ ದೂರದಲ್ಲಿದ್ದಾನೆ. ಡಿಡಿ ಫ್ರೀ ಡಿಶ್ ಬರುವ ಜಿಸ್ಯಾಟ್-15 ಭೂಮಧ್ಯರೇಖೆಯ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ ನಿಂತಿದೆ. ಅಡ್ಡ ಬರುವುದಾದರೆ ಬರುವವನು ಸೂರ್ಯ. ಮಾರ್ಚ್ ನಡುವಿನಲ್ಲಿ ಮತ್ತು ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಕೆಲವು ದಿನ, ನಮ್ಮ ದಾವಣಗೆರೆ ಸೀಮೆಯಲ್ಲಿ ಬೆಳಗಿನ 11ರ ಆಸುಪಾಸಿಗೆ, ಸೂರ್ಯ ಸರಿಯಾಗಿ ಈ ಉಪಗ್ರಹದ ಹಿಂದೆ ಹಾದುಹೋಗುತ್ತಾನೆ. ಅವನ ರೇಡಿಯೊ ಗದ್ದಲದಲ್ಲಿ ಉಪಗ್ರಹದ ದನಿ ಮುಳುಗಿ ಕೆಲವು ನಿಮಿಷ ಚಿತ್ರ ಒಡೆಯುತ್ತದೆ, ಆಮೇಲೆ ತಾನಾಗಿಯೇ ಸರಿಹೋಗುತ್ತದೆ. ಎರಡು ದಿನ ಟಿವಿ ನಿಲ್ಲಿಸುವ ಶಕ್ತಿ ಅವನಿಗೂ ಇಲ್ಲ.

ಸ್ಟ್ರೆಂತ್ ತುಂಬಿದೆ, ಆದರೂ ಚಿತ್ರ ಇಲ್ಲ ಎಂದರೆ ಜನ ಡಿಶ್ ತಿರುಗಿಸತೊಡಗುತ್ತಾರೆ. ನಾಯಕನಹಟ್ಟಿ ತೇರಿನ ದಿನ ಜಾತ್ರೆಯ ನಡುವೆ ನಿಂತರೆ ಕಿವಿಗೆ ಸದ್ದು ಧಾರಾಳ ಬೀಳುತ್ತದೆ, ಆದರೆ ನಮ್ಮವರು ನಮ್ಮ ಹೆಸರು ಹಿಡಿದು ಕರೆದದ್ದು ಕೇಳಿಸುತ್ತದೆಯೇ? ಸ್ಟ್ರೆಂತ್ ಎಂಬುದು ಜಾತ್ರೆಯ ಒಟ್ಟು ಸದ್ದು. ಡಿಶ್ಶನ್ನು ಗೋಡೆಗೆ ತಿರುಗಿಸಿಟ್ಟರೂ ಎಲ್‌ಎನ್‌ಬಿಯ ಸ್ವಂತ ಗದ್ದಲಕ್ಕೇ ಆ ಪಟ್ಟಿ ಅರ್ಧದವರೆಗೆ ಏರಬಹುದು. ನಮ್ಮ ಹೆಸರು ಕೇಳಿಸಿತೋ ಇಲ್ಲವೋ ಎಂಬುದನ್ನು ಹೇಳುವುದು ಕ್ವಾಲಿಟಿ ಪಟ್ಟಿ.

ಇನ್ನು ಆ 5150. ರಿಸೀವರ್‌ಗಳಲ್ಲಿ ಸಿಂಪಲ್, ಅಡ್ವಾನ್ಸ್ಡ್ ಎಂದು ಎರಡು ಬಾಗಿಲು ಇರುವುದನ್ನು ನೀವು ನೋಡಿರಬಹುದು. ಅಡ್ವಾನ್ಸ್ಡ್ ಬಾಗಿಲ ಹಿಂದೆ ಹೆಚ್ಚು ಚಾನೆಲ್ ಬಚ್ಚಿಟ್ಟಿದ್ದಾರೆ, ಕೋಡ್ ಗೊತ್ತಿದ್ದರೆ ದುಡ್ಡಿನ ಚಾನೆಲ್ಲೂ ಬರುತ್ತದೆ ಎಂದು ನಂಬಿದವರಿದ್ದಾರೆ. ಮುಟ್ಟಿದರೆ ಬಾಕ್ಸೇ ಸುಟ್ಟುಹೋಗುತ್ತದೆ ಎಂದು ಹೆದರುವವರೂ ಇದ್ದಾರೆ. ಎರಡೂ ಸುಳ್ಳು. ಅಲ್ಲಿರುವುದು ಬರೀ ಪ್ರಶ್ನೆಗಳು, ನಿಮ್ಮ ಮಾಳಿಗೆಯ ಮೇಲೆ ಏನಿದೆ ಎಂಬ ಪ್ರಶ್ನೆಗಳು. ಸಿಂಪಲ್ ಮೋಡ್‌ನಲ್ಲಿ ಆ ಪ್ರಶ್ನೆಗಳು ಮಾಯವಾಗಿಲ್ಲ. ತಂತ್ರಾಂಶ ಬರೆದವನು ಎಲ್ಲೋ ಕೂತು, ನಿಮ್ಮ ಮನೆ ನೋಡದೆ, ನಿಮ್ಮ ಪರವಾಗಿ ಉತ್ತರ ಬರೆದಿಟ್ಟಿದ್ದಾನೆ. ನೂರಕ್ಕೆ ತೊಂಬತ್ತು ಮನೆಗೆ ಆ ಉತ್ತರ ಹೊಂದುತ್ತದೆ. ಹೊಂದದ ಮನೆಯವರು ಡಿಶ್ಶನ್ನು ಬೈಯುತ್ತಾರೆ.

ಆ ಉತ್ತರಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಎಲ್‌ಎನ್‌ಬಿಯದು, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಉಪಗ್ರಹ ಕಳಿಸುವುದು 11090 ಮೆಗಾಹರ್ಟ್ಸ್‌ನ ಅಲೆ. ಇಷ್ಟು ಮೇಲಿನ ಅಲೆ ನಮ್ಮ ಮಾಮೂಲಿ ಕೇಬಲ್ಲಿನಲ್ಲಿ ಮಾಳಿಗೆಯಿಂದ ಟಿವಿವರೆಗೆ ಇಳಿಯುವಷ್ಟರಲ್ಲಿ ಸೋರಿ ಮುಗಿದುಹೋಗುತ್ತದೆ. ಹಾಗಾಗಿ ಡಿಶ್ಶಿನ ಮುಂದೆ ಕೋಲಿನ ತುದಿಯಲ್ಲಿರುವ ಎಲ್‌ಎನ್‌ಬಿ ತನ್ನೊಳಗೇ 9750ರ ಒಂದು ಅಲೆ ಹುಟ್ಟಿಸಿ, ಬಂದ ಅಲೆಯೊಂದಿಗೆ ಬೆರೆಸಿ, ಎರಡರ ವ್ಯತ್ಯಾಸವನ್ನು ಮಾತ್ರ ಕೆಳಗೆ ಕಳಿಸುತ್ತದೆ. 11090ರಲ್ಲಿ 9750 ಹೋದರೆ 1340. ಈ 1340 ಕೇಬಲ್ಲಿನಲ್ಲಿ ಸಲೀಸಾಗಿ ಹರಿಯುತ್ತದೆ. ಒಳಗಿರುವ ಬಾಕ್ಸ್ 11090 ಎಂಬ ಅಲೆಯನ್ನು ತನ್ನ ಜನ್ಮದಲ್ಲಿ ಕಂಡಿಲ್ಲ. ಅದಕ್ಕೆ ಕೇಳಿಸುವುದು 950ರಿಂದ 2150ರ ನಡುವಿನದು ಮಾತ್ರ.

ದಾವಣಗೆರೆಯ ಎಪಿಎಂಸಿಗೆ ಮೆಕ್ಕೆಜೋಳ ತಂದವರಿಗೆ ಇದು ಹೊಸದಲ್ಲ. ಅರ್ಧಂಬರ್ಧ ಲೋಡಿನ ಒಂದು ಲಾರಿ ವೇಬ್ರಿಡ್ಜ್ ಮೇಲೆ 11,090 ಕೆಜಿ ತೂಗಿತೆನ್ನಿ. ಖಾಲಿ ಲಾರಿಯ ತೂಕ 9,750. ಜೋಳ 1,340 ಕೆಜಿ, ಹದಿಮೂರು ಕ್ವಿಂಟಲ್ ಚಿಲ್ಲರೆ. ಈಗ ಗುಮಾಸ್ತ ಖಾಲಿ ಲಾರಿಯ ಜಾಗದಲ್ಲಿ ಯಾವುದೋ ಟ್ರ್ಯಾಕ್ಟರಿನ ತೂಕ 5,150 ಎಂದು ಬರೆದುಬಿಟ್ಟರೆ? ಚೀಟಿಯಲ್ಲಿ 5,940 ಕೆಜಿ ಜೋಳ ಬರುತ್ತದೆ. ಜೋಳ ಇದ್ದಷ್ಟೇ ಇದೆ, ಲಾರಿ ನಿಂತಲ್ಲೇ ನಿಂತಿದೆ, ಕಾಟಾ ಕೂಡ ಸರಿಯಿದೆ, ಚೀಟಿ ಮಾತ್ರ ತಪ್ಪು. ದೊಡ್ಡಮ್ಮನ ಬಾಕ್ಸ್ ಮಾಡುತ್ತಿದ್ದುದು ಇದನ್ನೇ. 5940ರಲ್ಲಿ ಹುಡುಕಬೇಕೆಂದು ಲೆಕ್ಕ ಹಾಕಿ, ತನ್ನ ಕಿವಿಗೆ ಎಟುಕದ ಕಡೆ ಕಿವಿಗೊಟ್ಟು ಕೂತಿತ್ತು.

ಲಾರಿಯ ಹೋಲಿಕೆಯಲ್ಲಿ ಒಂದು ಸೊಗಸು ಬಿಟ್ಟುಹೋಗುತ್ತದೆ, ಅದಕ್ಕೆ ಭಜನೆ ಮೇಳವೇ ಬೇಕು. ಹಾಡುವವರಿಗೆ ಮೇಲಿನ ಶ್ರುತಿ ಕಷ್ಟವಾದರೆ ಹಾರ್ಮೋನಿಯಂನವರು ಎರಡು ಮನೆ ಇಳಿಸಿಕೊಳ್ಳುತ್ತಾರೆ. ಸ ಇಳಿಯುತ್ತದೆ, ಪ ಇಳಿಯುತ್ತದೆ, ಎಲ್ಲ ಸ್ವರಗಳೂ ಒಟ್ಟಿಗೆ ಇಳಿಯುತ್ತವೆ, ಹಾಡು ಅದೇ ಹಾಡು. ಎಲ್‌ಎನ್‌ಬಿ ಸಹ ಇಡೀ ಆಕಾಶದ ಶ್ರುತಿಯನ್ನು 9750ರಷ್ಟು ಇಳಿಸುತ್ತದೆ, ಚಾನೆಲ್‌ಗಳ ನಡುವಿನ ಅಂತರ ಕೂದಲೆಳೆಯಷ್ಟೂ ಕದಲುವುದಿಲ್ಲ. ಶ್ರುತಿ ಎಷ್ಟು ಇಳಿಯಿತು ಎಂಬುದನ್ನು ತಬಲದವರಿಗೆ ಒಬ್ಬರು ಹೇಳಬೇಕು, ಅಷ್ಟೆ. ಆ ಹೇಳುವ ಜಾಗವೇ ಮೆನುವಿನ ಎಲ್‌ಎನ್‌ಬಿ ಸಾಲು. ಅಲ್ಲಿ ಯುನಿವರ್ಸಲ್ ಎಂದು ಆರಿಸಿದರೆ 9750 ಮತ್ತು 10600 ಎರಡೂ ಬರುತ್ತವೆ. 11700ರ ಮೇಲಿನ ಅಲೆ ಬೇಕಾದಾಗ ಬಾಕ್ಸ್ ಕೇಬಲ್ಲಿನಲ್ಲಿ 22 ಕಿಲೋಹರ್ಟ್ಸ್‌ನ ಸಣ್ಣ ಸದ್ದು ಕಳಿಸಿ ಎಲ್‌ಎನ್‌ಬಿಯನ್ನು 10600ಕ್ಕೆ ಬದಲಿಸುತ್ತದೆ. ಅದೇ ಕೇಬಲ್ಲಿನಲ್ಲಿ 13 ವೋಲ್ಟ್ ಕೊಟ್ಟರೆ ನೆಟ್ಟಗೆ ಕಂಪಿಸುವ ಅಲೆ ಬರುತ್ತದೆ, 18 ಕೊಟ್ಟರೆ ಅಡ್ಡಕ್ಕೆ ಕಂಪಿಸುವ ಅಲೆ. ಬೆರಳು ದಪ್ಪವೂ ಇಲ್ಲದ ಒಂದು ತಂತಿಯಲ್ಲಿ ಕರೆಂಟ್ ಮೇಲೆ ಹತ್ತುತ್ತದೆ, ಅಪ್ಪಣೆ ಮೇಲೆ ಹತ್ತುತ್ತದೆ, ಚಿತ್ರ ಕೆಳಗೆ ಇಳಿಯುತ್ತದೆ. ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ.

5150 ಎಂಬುದೂ ಸುಳ್ಳು ಸಂಖ್ಯೆಯಲ್ಲ, ಸಿ ಬ್ಯಾಂಡ್ ಎಂಬ ಇನ್ನೂ ಕೆಳಗಿನ ಅಲೆಗಳನ್ನು ಹಿಡಿಯುವ ದೊಡ್ಡ ಡಿಶ್ಶುಗಳಿಗೆ ಅದೇ ಸರಿ. ಮಾಳಿಗೆಗಳು ಒಂದೇ ಥರ ಇಲ್ಲ ಎಂಬುದೇ ಇಲ್ಲಿನ ತೊಡಕು. ಅಂಥ ತೊಡಕೇ ಇಲ್ಲದ ಕಾಲವೂ ಒಂದಿತ್ತು. 1975ರ ಆಗಸ್ಟ್ 1ರಿಂದ ಒಂದು ವರ್ಷ, ಸೈಟ್ ಎಂಬ ಪ್ರಯೋಗದಲ್ಲಿ, ಅಮೆರಿಕದ ಎಟಿಎಸ್-6 ಉಪಗ್ರಹದಿಂದ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. ನಮ್ಮಲ್ಲಿ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳಿದ್ದವು. ಅಲೆ 860 ಮೆಗಾಹರ್ಟ್ಸ್‌ನದು, ಅಂದರೆ ಒಂದು ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಅಷ್ಟು ಉದ್ದದ ಅಲೆಗೆ ಕೋಳಿ ಗೂಡಿನ ಜಾಲರಿಯೂ ಗಟ್ಟಿ ಗೋಡೆಯಂತೆ ಕಾಣುತ್ತದೆ, ಹಾಗಾಗಿ ಜಾಲರಿ ಬಿಗಿದ ಮೂರು ಮೀಟರ್ ಅಗಲದ ಡಿಶ್ ಸಾಕಾಯಿತು. ಈಗಿನ 11090ರ ಅಲೆ ಮೂರು ಸೆಂಟಿಮೀಟರ್ ಕೂಡ ಇಲ್ಲ, ಆದ್ದರಿಂದಲೇ ಎರಡು ಅಡಿಯ ನಮ್ಮ ತಟ್ಟೆ ಜಾಲರಿಯಲ್ಲ, ನುಣುಪಾಗಿದೆ. ಆಗ ಇದ್ದದ್ದು ಒಂದು ಉಪಗ್ರಹ, ಒಂದು ಚಿತ್ರ, ಜೊತೆಗೆ ಎರಡು ದನಿಯ ದಾರಿ. ಆರಿಸಬೇಕಾದದ್ದು ಇಲ್ಲದಿದ್ದರೆ ಮೆನು ಯಾಕೆ ಬೇಕು?

ದೊಡ್ಡಮ್ಮನ ಮನೆಗೆ ಬರೋಣ. 5150 ತೆಗೆದು ಯುನಿವರ್ಸಲ್ ಮಾಡಿದೆ. ಕ್ವಾಲಿಟಿ ಆಗಲೂ ಸೊನ್ನೆ. ಎರಡು ದಿನ ತಿರುಗಿಸಿ ತಿರುಗಿಸಿ ಡಿಶ್ ಎತ್ತಲೋ ಹೋಗಿತ್ತು. ಈಗ ಮಾಳಿಗೆ ಹತ್ತಲೇಬೇಕಾಯಿತು. ನಮ್ಮ ಕಡೆಯಿಂದ ಈ ಉಪಗ್ರಹ ಆಗ್ನೇಯ ದಿಕ್ಕಿಗೆ, ಉತ್ತರದಿಂದ ಎಣಿಸಿದರೆ ಸುಮಾರು 128 ಡಿಗ್ರಿಗೆ, ನೆಲದಿಂದ 63 ಡಿಗ್ರಿ ಎತ್ತರದಲ್ಲಿದೆ. ಸ್ಪ್ಯಾನರ್ ಹಿಡಿದವನು ತಟ್ಟೆಯನ್ನು ಅಷ್ಟೂ ಮೇಲಕ್ಕೆ ಮಲಗಿಸಿದ್ದ. ಮನೆಗಳ ಮೇಲಿನ ಈ ಡಿಶ್ ಆಫ್‌ಸೆಟ್ ಜಾತಿಯದು, ಅದರ ಮುಖ ಕಾಣುವುದಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಮೇಲೆ ಅದರ ನೋಟ ಇರುತ್ತದೆ. ತಟ್ಟೆಯನ್ನು ಕೆಳಕ್ಕೆ ಬಗ್ಗಿಸಿ, ಇಂಚಿಂಚು ಪಕ್ಕಕ್ಕೆ ಸರಿಸುತ್ತಾ ಹೋದೆವು. ಒಳಗಿನಿಂದ "ಬಂತು, ಬಂತು, ಹಂಗೇ ಇರ್ಲಿ" ಎಂಬ ಕೂಗು ಕೇಳಿತು.

ಎಲ್ಲ ಸರಿಯಾದ ಮೇಲೆ ನನಗೊಂದು ಆಸೆ ಬಂತು. ಬೇಕೆಂದೇ ಮತ್ತೆ 5150 ಹಾಕಿ, ಈ ಸಲ ಬ್ಲೈಂಡ್ ಸ್ಕ್ಯಾನ್ ಕೊಟ್ಟೆ. ಬ್ಲೈಂಡ್ ಸ್ಕ್ಯಾನ್ ಯಾವ ಪಟ್ಟಿಯನ್ನೂ ನಂಬುವುದಿಲ್ಲ, ಕೇಬಲ್ಲಿನಲ್ಲಿ ಏನು ಬರುತ್ತಿದೆಯೋ ಅದನ್ನು ಒಂದು ತುದಿಯಿಂದ ತಡಕುತ್ತಾ ಹೋಗುತ್ತದೆ. ಚಾನೆಲ್‌ಗಳು ಸಾಲಾಗಿ ಬಂದವು, ಚಿತ್ರವೂ ಮೂಡಿತು. ಆದರೆ 11090 ಇರಬೇಕಾದಲ್ಲಿ 3810 ಎಂದು ಬರೆದಿತ್ತು. ಸಿ ಬ್ಯಾಂಡಿನಲ್ಲಿ ಲೆಕ್ಕ ತಿರುಗುಮುರುಗು, 5150ರಲ್ಲಿ ಕೇಬಲ್ಲಿನ 1340 ಕಳೆಯುತ್ತಾರೆ. ಜೋಳ ಸರಿಯಾಗಿ ಮನೆ ಸೇರಿತ್ತು, ಚೀಟಿಯಲ್ಲಿ ಬೇರೆ ಯಾರದೋ ಲಾರಿಯ ನಂಬರು.

ದಾವಣಗೆರೆಯ ನನ್ನ ಮನೆಯಲ್ಲಿರುವುದು ಎನಿಗ್ಮಾ2 ತಂತ್ರಾಂಶದ ರಿಸೀವರ್. ಅದರ ಟ್ಯೂನರ್ ಪುಟದಲ್ಲಿ ಸಿಂಪಲ್, ಅಡ್ವಾನ್ಸ್ಡ್ ಎಂದೇ ಬರೆದಿದೆ. ಸಿಂಪಲ್‌ನಲ್ಲಿ ಎಷ್ಟು ಉಪಗ್ರಹ, ಯಾವ ಪೋರ್ಟಿಗೆ ಯಾವುದು ಎಂದಷ್ಟೇ ಕೇಳುತ್ತದೆ. ಎಲ್‌ಎನ್‌ಬಿಗಳೆಲ್ಲ ಯುನಿವರ್ಸಲ್ ಎಂದು ತಾನೇ ಹಿಡಿದುಕೊಳ್ಳುತ್ತದೆ. ಎರಡು ಸಣ್ಣ ಡಿಶ್ ಇರುವವರೆಗೆ ನನಗೆ ಅದೇ ಸಾಕಾಗಿತ್ತು. 83 ಡಿಗ್ರಿಯ ಜಿಸ್ಯಾಟ್-30ಕ್ಕೆ ಸಿ ಬ್ಯಾಂಡಿನ ಆರಡಿ ತಟ್ಟೆ ಕೂರಿಸಿ ಅದನ್ನೂ ಅದೇ ಕೇಬಲ್ಲಿಗೆ ಸೇರಿಸಿದ ದಿನ ಅಡ್ವಾನ್ಸ್ಡ್ ಬಾಗಿಲು ತೆರೆಯಬೇಕಾಯಿತು. ಒಂದೊಂದು ಎಲ್‌ಎನ್‌ಬಿಗೂ ಬೇರೆ ಬೇರೆ ಉತ್ತರ ಬರೆಯಲು ಜಾಗ ಇರುವುದು ಅಲ್ಲೇ.

ಆ ಪುಟದ ಕೊನೆಯಲ್ಲಿ ಅಪ್ಪಣೆಯನ್ನು ಎಷ್ಟು ಸಲ ಪುನಃ ಕಳಿಸಬೇಕು ಎಂಬ ಸಾಲೊಂದಿದೆ. ಮೊದಲು ನೋಡಿದಾಗ ಇದೆಂಥ ಅತಿ ಎನಿಸಿತ್ತು. ಒಂದೇ ಕೇಬಲ್ಲಿಗೆ ಸೇರಿದ ಹಲವು ಡಿಶ್ಶುಗಳಲ್ಲಿ ಬೇಕಾದದ್ದನ್ನು ಆರಿಸಿಕೊಡುವ ಡೈಸೆಕ್ ಸ್ವಿಚ್‌ಗಳು ಅದೇ 22 ಕಿಲೋಹರ್ಟ್ಸ್ ಸದ್ದನ್ನು ತುಂಡು ತುಂಡಾಗಿ ಕೇಳಿಸಿಕೊಳ್ಳುತ್ತವೆ. ಒಂದು ಬಿಟ್‌ಗೆ 1.5 ಮಿಲಿಸೆಕೆಂಡ್, ನಾಲ್ಕು ಬೈಟ್‌ಗಳ ಒಂದು ಅಪ್ಪಣೆಗೆ 54 ಮಿಲಿಸೆಕೆಂಡ್. ನನ್ನ ಮಾಳಿಗೆಯಲ್ಲಿ ಒಂದು ಸ್ವಿಚ್ಚಿನ ಹಿಂದೆ ಇನ್ನೊಂದು ಸ್ವಿಚ್ ಇದೆ. ಮೊದಲನೆಯದು ಬಾಗಿಲು ತೆಗೆಯುವವರೆಗೆ ಎರಡನೆಯದಕ್ಕೆ ಕರೆಂಟೇ ಇಲ್ಲ. ಅದಕ್ಕೆ ಹೇಳಿದ ಮಾತು ನಿದ್ದೆಯಲ್ಲಿರುವವನಿಗೆ ಹೇಳಿದ ಹಾಗೆ. ಎದ್ದ ಮೇಲೆ ಇನ್ನೊಮ್ಮೆ ಹೇಳಬೇಕು. ಸೊನ್ನೆ ಇದ್ದದ್ದನ್ನು ಒಂದು ಮಾಡಿದೆ, ಸಿ ಬ್ಯಾಂಡ್ ಬಂತು. ಮೂರು ಭಾನುವಾರ ನಾನು ಸ್ವಿಚ್ ಕೆಟ್ಟಿದೆ ಎಂದುಕೊಂಡು ಬದಲಿಸುತ್ತಲೇ ಇದ್ದೆ.

ಜಗಳೂರಿನಿಂದ ಹೊರಡುವಾಗ ದೊಡ್ಡಮ್ಮ "ಆ ಹುಡುಗ ಮತ್ತೆ ಒತ್ತಿದ್ರೆ ಏನ್ಮಾಡಾದು?" ಎಂದು ಕೇಳಿದರು. ಒಂದು ಚೀಟಿಯಲ್ಲಿ 93.5, 11090, 29500, 9750-10600 ಎಂದು ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ. ಅದನ್ನು ಅವರು ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದರು. ಹೋದ ವಾರ ಫೋನ್ ಮಾಡಿದ್ದರು. ಪಕ್ಕದ ಮನೆಯವರ ಬಾಕ್ಸ್ ಕೈಕೊಟ್ಟಿತ್ತಂತೆ, ಆ ಹುಡುಗನೇ ಬಂದು ಚೀಟಿ ಇಸ್ಕೊಂಡು ಹೋದನಂತೆ.