ಬೆಟ್ ಪರವಾಗಿ ಹೂಡಿದ ದಾವೆ

ಥಿಯೋಡರ್ ಸೆಡ್ಜ್‌ವಿಕ್ 1799ರಿಂದ 1801ರವರೆಗೆ ಅಮೆರಿಕದ ಪ್ರತಿನಿಧಿ ಸಭೆಯ ಸ್ಪೀಕರ್ ಆಗಿದ್ದವರು. ಅದಕ್ಕೆ ಮೊದಲು ಸೆನೆಟರ್. ಆಮೇಲೆ 1802ರಿಂದ 1813ರಲ್ಲಿ ತೀರಿಕೊಳ್ಳುವವರೆಗೂ ಮ್ಯಾಸಚೂಸೆಟ್ಸ್‌ನ ಅತ್ಯುನ್ನತ ನ್ಯಾಯಾಲಯದ ನ್ಯಾಯಮೂರ್ತಿ. ಆದರೆ ಸಿವಿಲ್ ವಕಾಲತ್ತು ಮಾಡುವ ನನಗೆ ಈ ಹುದ್ದೆಗಳೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 1781ರಲ್ಲಿ ಗ್ರೇಟ್ ಬ್ಯಾರಿಂಗ್ಟನ್ ಎಂಬ ಸಣ್ಣ ಊರಿನ ಕೋರ್ಟಿನಲ್ಲಿ, ಬೆಟ್ ಎಂಬ ಗುಲಾಮ ಹೆಂಗಸಿನ ಬಿಡುಗಡೆಗಾಗಿ ಅವರು ನಡೆಸಿದ ಒಂದು ದಾವೆ.

ಸೆಡ್ಜ್‌ವಿಕ್ ಹುಟ್ಟಿದ್ದು 1746ರಲ್ಲಿ, ಕನೆಕ್ಟಿಕಟ್‌ನಲ್ಲಿ. ಯೇಲ್ ಕಾಲೇಜಿನಲ್ಲಿ ಓದಿ, ಮೊದಲು ಧರ್ಮಶಾಸ್ತ್ರದ ಕಡೆ ಹೊರಟು, ಅದನ್ನು ಬಿಟ್ಟು ಕಾನೂನಿಗೆ ಬಂದರು. ಆಗೆಲ್ಲ ಹಿರಿಯ ವಕೀಲರ ಕಚೇರಿಯಲ್ಲಿ ಕುಳಿತೇ ಕಾನೂನು ಕಲಿಯಬೇಕಿತ್ತು. 1766ರಲ್ಲಿ ಸನ್ನದು ಸಿಕ್ಕಿತು. ಕೆಲವು ವರ್ಷಗಳ ನಂತರ ಮ್ಯಾಸಚೂಸೆಟ್ಸ್‌ನ ಶೆಫೀಲ್ಡ್‌ನಲ್ಲಿ ನೆಲೆಸಿದರು. ಅಲ್ಲಿನ ದೊಡ್ಡ ಜಮೀನ್ದಾರ ಜಾನ್ ಆಶ್ಲಿ. ಅವರೂ ಕಾನೂನು ಬಲ್ಲವರು, ಕೌಂಟಿಯ ಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದವರು. 1773ರಲ್ಲಿ ಊರಿನ ಸಮಿತಿಯೊಂದು ಆಶ್ಲಿಯವರ ಮನೆಯಲ್ಲಿ ಸೇರಿ, ಮನುಷ್ಯರು ಸ್ವಭಾವತಃ ಸಮಾನರು, ಸ್ವತಂತ್ರರು ಎಂಬ ಠರಾವನ್ನು ಸಿದ್ಧಪಡಿಸಿತು. ಆ ಸಮಿತಿಯಲ್ಲಿ ಸೆಡ್ಜ್‌ವಿಕ್ ಇದ್ದರು. ಅದೇ ಮನೆಯಲ್ಲಿ ಬೆಟ್ ಗುಲಾಮಳಾಗಿ ದುಡಿಯುತ್ತಿದ್ದರು.

ಸೆಡ್ಜ್‌ವಿಕ್ ಮಗಳು, ಕಾದಂಬರಿಕಾರ್ತಿ ಕ್ಯಾಥರಿನ್, ಮುಂದಿನದನ್ನು ಬರೆದಿಟ್ಟಿದ್ದಾರೆ. ಆಶ್ಲಿಯ ಹೆಂಡತಿ ಸಿಟ್ಟಿನಲ್ಲಿ ಬೆಟ್‌ನ ತಂಗಿಯ ಮೇಲೆ ಬೀಸಿದ ಕಾದ ಸಲಿಕೆಗೆ ಬೆಟ್ ತಾನೇ ಅಡ್ಡ ಬಂದರು. ತೋಳಿಗೆ ಬಿದ್ದ ಗಾಯದ ಕಲೆ ಕೊನೆತನಕ ಉಳಿಯಿತು. 1780ರಲ್ಲಿ ಮ್ಯಾಸಚೂಸೆಟ್ಸ್‌ಗೆ ಹೊಸ ಸಂವಿಧಾನ ಬಂತು. ಎಲ್ಲ ಮನುಷ್ಯರೂ ಹುಟ್ಟಿನಿಂದಲೇ ಸ್ವತಂತ್ರರು, ಸಮಾನರು ಎಂದು ಅದರ ಮೊದಲ ವಿಧಿ ಹೇಳುತ್ತಿತ್ತು. ಓದು ಬರಹ ಬಾರದ ಬೆಟ್ ಕಿವಿಯಾರೆ ಕೇಳಿದ್ದನ್ನೇ ಹಿಡಿದು ಸೆಡ್ಜ್‌ವಿಕ್ ಬಳಿ ಬಂದು, ಈ ಕಾನೂನು ನನಗೂ ಸ್ವಾತಂತ್ರ್ಯ ಕೊಡುವುದಿಲ್ಲವೇ ಎಂದು ಕೇಳಿದರು. ಈ ಪ್ರಕರಣದ ಮುಖ್ಯ ವಾದವನ್ನು ಕಂಡುಕೊಂಡದ್ದು ಕಕ್ಷಿದಾರಳೇ ಎಂಬುದನ್ನು ವಕೀಲರಾದ ನಾವು ಮರೆಯಬಾರದು.

ಆ ವಾದವನ್ನು ಕೋರ್ಟಿನೊಳಗೆ ತರುವ ದಾರಿ ಹುಡುಕಿದ್ದು ಸೆಡ್ಜ್‌ವಿಕ್ ಕೈಚಳಕ. ಕನೆಕ್ಟಿಕಟ್‌ನ ವಕೀಲ ಟ್ಯಾಪಿಂಗ್ ರೀವ್ ಕೂಡ ಸೆಡ್ಜ್‌ವಿಕ್ ಜೊತೆಗಿದ್ದರು. ಆಶ್ಲಿ ಮನೆಯಲ್ಲೇ ಗುಲಾಮನಾಗಿದ್ದ ಬ್ರಾಮ್ ಎಂಬಾತನೂ ವಾದಿಯಾಗಿ ಸೇರಿಕೊಂಡ. ಅವರು ಆರಿಸಿಕೊಂಡದ್ದು ರಿಪ್ಲೆವಿನ್ ರಿಟ್. ಒಬ್ಬರ ದನವನ್ನೋ ಸಾಮಾನನ್ನೋ ಇನ್ನೊಬ್ಬರು ಅನ್ಯಾಯವಾಗಿ ಹಿಡಿದಿಟ್ಟುಕೊಂಡರೆ, ಅದನ್ನು ಬಿಡಿಸಿಕೊಡಿ ಎಂದು ಶೆರಿಫ್‌ಗೆ (ಕೋರ್ಟಿನ ಆದೇಶ ಜಾರಿಮಾಡುವ ಅಧಿಕಾರಿಗೆ) ಆಜ್ಞೆ ಮಾಡಿಸುವ ರಿಟ್ ಅದು. ಚರಸ್ವತ್ತು ವಾಪಸು ಪಡೆಯಲು ನಮ್ಮಲ್ಲಿ ನಿರ್ದಿಷ್ಟ ಪರಿಹಾರ ಕಾಯ್ದೆಯಡಿ ಹೂಡುವ ದಾವೆಗೆ ಹತ್ತಿರದ್ದು. ಶೆರಿಫ್ ಹೋದಾಗ ಆಶ್ಲಿ ಬಿಡಲು ಒಪ್ಪಲಿಲ್ಲ. ಆಗಸ್ಟ್‌ನಲ್ಲಿ ಕೋರ್ಟಿಗೆ ಬಂದು, ಇವರಿಬ್ಬರೂ ಬದುಕಿರುವವರೆಗೆ ನನ್ನ ಸೇವಕರು, ಆದ್ದರಿಂದ ದಾವೆಯೇ ನಿಲ್ಲದು ಎಂದು ತಕರಾರು ಹಾಕಿದರು. ಸೆಡ್ಜ್‌ವಿಕ್‌ಗೆ ಬೇಕಾದದ್ದೂ ಅದೇ. ತಮ್ಮ ಹಕ್ಕನ್ನು ಆಶ್ಲಿಯೇ ಮುಂದಿಟ್ಟ ಮೇಲೆ, ಆ ಹಕ್ಕು ಕಾನೂನಿನಲ್ಲಿ ಇದೆಯೋ ಇಲ್ಲವೋ ಎನ್ನುವುದೇ ಏಕೈಕ ವಿವಾದಾಂಶವಾಯಿತು. ಬೆಟ್‌ಗೆ ಹೊಡೆದರೆಂದು ನಷ್ಟಪರಿಹಾರ ಕೇಳಿದ್ದರೆ ಮಾತು ಹೊಡೆತದ ಸುತ್ತಲೇ ಮುಗಿದುಹೋಗಬಹುದಿತ್ತು.

ಬ್ರಾಮ್ ಮತ್ತು ಬೆಟ್ ಆಶ್ಲಿಯ ಆಜೀವ ಸೇವಕರಲ್ಲ ಎಂದು ಜ್ಯೂರಿ, ಅಂದರೆ ತೀರ್ಮಾನಕ್ಕೆ ಕೂರಿಸಿದ ನಾಗರಿಕರ ಮಂಡಳಿ, ತೀರ್ಮಾನಿಸಿತು. 30 ಶಿಲಿಂಗ್ ಪರಿಹಾರ, ಮೇಲೆ ದಾವೆಯ ಖರ್ಚು. ಜ್ಯೂರಿ ಕಾರಣ ಬರೆಯುವುದಿಲ್ಲವಾದ್ದರಿಂದ ಉಲ್ಲೇಖಿಸಲು ತೀರ್ಪಿನ ಒಂದು ಪ್ಯಾರಾ ಕೂಡ ಇಲ್ಲ. ಆಶ್ಲಿ ಮೇಲ್ಮನವಿ ಹಾಕಿ, ಅಕ್ಟೋಬರ್‌ನಲ್ಲಿ ಹಿಂತೆಗೆದುಕೊಂಡರು. ಬೆಟ್ ತನ್ನ ಹೆಸರನ್ನು ಎಲಿಜಬೆತ್ ಫ್ರೀಮನ್ ಎಂದು ಇಟ್ಟುಕೊಂಡು, ಸೆಡ್ಜ್‌ವಿಕ್ ಮನೆಯಲ್ಲಿ ಸಂಬಳಕ್ಕೆ ಕೆಲಸಕ್ಕೆ ಸೇರಿದರು. 1783ರಲ್ಲಿ, ಗುಲಾಮನಾಗಿದ್ದ ಕ್ವಾಕ್ ವಾಕರ್ ಎಂಬಾತನ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ವಿಲಿಯಂ ಕುಶಿಂಗ್, ಗುಲಾಮಗಿರಿಗೂ ಈ ಸಂವಿಧಾನಕ್ಕೂ ಹೊಂದುವುದಿಲ್ಲ ಎಂದು ಜ್ಯೂರಿಗೆ ತಿಳಿಸಿದರು. 1790ರ ಜನಗಣತಿಯಲ್ಲಿ ಮ್ಯಾಸಚೂಸೆಟ್ಸ್‌ನ ಲೆಕ್ಕಕ್ಕೆ ಒಬ್ಬ ಗುಲಾಮನೂ ಇಲ್ಲ. ಅಲ್ಲಿನ ಶಾಸನಸಭೆ ಮಾತ್ರ 1777ರಲ್ಲೇ ತನ್ನ ಮುಂದೆ ಬಂದಿದ್ದ, ಗುಲಾಮಗಿರಿ ತೆಗೆಯುವ ಮಸೂದೆಯನ್ನು ಬದಿಗಿಟ್ಟಿತ್ತು.

ಸೆಡ್ಜ್‌ವಿಕ್‌ರನ್ನು ಪೂಜಿಸುವವರು ಇನ್ನೂ ಎರಡು ಕಾಗದಗಳನ್ನು ಓದಬೇಕು. ಮೊದಲನೆಯದು 1777ರ ಕ್ರಯಪತ್ರ: ಟಾನ್ ಎಂಬ ಗುಲಾಮ ವ್ಯಕ್ತಿಯನ್ನು ಕೊಂಡವರು ಇದೇ ಸೆಡ್ಜ್‌ವಿಕ್. ಎರಡನೆಯದು ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸುವ ಕಾಯ್ದೆಯ ಕರಡು. 1791ರಲ್ಲಿ ಅದನ್ನು ಬರೆಯಲು ಪ್ರತಿನಿಧಿ ಸಭೆ ನೇಮಿಸಿದ ಮೂವರ ಸಮಿತಿಯಲ್ಲಿ ಅವರೂ ಇದ್ದರು. ಆ ಕರಡು ಪಾಸಾಗಲಿಲ್ಲ. ಸೆನೆಟ್‌ನಿಂದ ಬಂದ ಬೇರೆ ಮಸೂದೆ 1793ರ ಫೆಬ್ರವರಿಯಲ್ಲಿ ಕಾಯ್ದೆಯಾಯಿತು.

ಕಕ್ಷಿದಾರರು ಎದುರಿಗೆ ಕುಳಿತಾಗ ವಕೀಲನಿಗೆ ಕಾಣುವುದು, ಸದನದಲ್ಲಿ ಪಕ್ಷ, ಒಕ್ಕೂಟ, ಒಪ್ಪಂದಗಳ ನಡುವೆ ಅದೇ ವ್ಯಕ್ತಿಗೆ ಕಾಣದೆ ಹೋಗಬಹುದು. ಸೆಡ್ಜ್‌ವಿಕ್ ವಿಷಯದಲ್ಲಿ ಹಾಗೇ ಆಯಿತೆಂದು ನನಗನ್ನಿಸುತ್ತದೆ; ಅದನ್ನು ಕ್ಷಮಿಸಲು ನನಗೆ ಮನಸ್ಸಿಲ್ಲ. 1793ರ ಕಾಯ್ದೆಯ ಪ್ರಕಾರ ಯಜಮಾನ ತಾನೇ ಓಡಿಹೋದ ಗುಲಾಮರನ್ನು ಹಿಡಿದು ನ್ಯಾಯಾಧೀಶರ ಮುಂದೆ ನಿಲ್ಲಿಸಿ, ಬಾಯಿಮಾತಿನ ಸಾಕ್ಷ್ಯ ಅಥವಾ ಅಫಿಡವಿಟ್ ಕೊಟ್ಟು ಸರ್ಟಿಫಿಕೇಟ್ ಪಡೆದರೆ ಸಾಕಿತ್ತು. ಹಾಗೆ ಹಿಡಿಸಿಕೊಂಡವರಿಗೆ, ಬೆಟ್‌ಗೆ ಸಿಕ್ಕಿದ್ದಂಥ ಜ್ಯೂರಿ ವಿಚಾರಣೆಯನ್ನು ಆ ಕಾಯ್ದೆ ಕೊಡಲಿಲ್ಲ.