ಇನ್ನೂ ಅಚ್ಚಾಗದ ಲೇಖನವನ್ನು ಸಿ.ವಿ.ಯಲ್ಲಿ ಬರೆಯಬಹುದೇ?

ಪ್ರಶ್ನೆ: ಪಿಎಚ್.ಡಿ.ಯ ಕೊನೆಯ ಹಂತದಲ್ಲಿದ್ದೇನೆ. ನನ್ನದೊಂದು ಲೇಖನ ಪ್ರಕಟವಾಗಿದೆ, ಎರಡನ್ನು ಜರ್ನಲ್‌ಗಳಿಗೆ ಕಳಿಸಿದ್ದೇನೆ, ಇನ್ನೊಂದನ್ನು ಬರೆಯುತ್ತಿದ್ದೇನೆ. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕುವಾಗ ಇವೆಲ್ಲವನ್ನೂ ಸಿ.ವಿ.ಯಲ್ಲಿ ಸೇರಿಸಬಹುದೇ? ಕಳಿಸಿರುವುದು ಹೆಸರಾಂತ ಜರ್ನಲ್‌ಗೆ. ಅದರ ಹೆಸರು ಬರೆದರೆ ತೂಕ ಬರುತ್ತದಲ್ಲವೇ?

ಸೇರಿಸಬಹುದು. ಆದರೆ ಪ್ರಕಟವಾದ ಲೇಖನಗಳ ಪಟ್ಟಿಯೊಳಗೆ ಬೆರೆಸದೆ, ಬೇರೆ ಶೀರ್ಷಿಕೆಯ ಕೆಳಗೆ, ಪ್ರತಿಯೊಂದರ ಈಗಿನ ಸ್ಥಿತಿಯನ್ನು ಇದ್ದದ್ದು ಇದ್ದಂತೆ ಹೇಳಿ ಸೇರಿಸಬೇಕು. ನೇಮಕಾತಿ ಅಧಿಸೂಚನೆ ಹೊರಬಿದ್ದಾಗಲೆಲ್ಲ ಈ ಪ್ರಶ್ನೆ ಬರುತ್ತದೆ, ಉತ್ತರವೂ ಪ್ರತಿ ಸಲ ಇಷ್ಟೇ ಆಗಿರುತ್ತದೆ. ಪ್ರಶ್ನೆಯ ಎರಡನೆಯ ಭಾಗ ಮಾತ್ರ ಎಷ್ಟು ಹೇಳಿದರೂ ಮತ್ತೆ ಮತ್ತೆ ಮರಳುತ್ತಿರುವುದರಿಂದ ಈ ಬಾರಿ ಅದನ್ನೇ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲ ಭಾಗವನ್ನು ಬೇಗ ಮುಗಿಸೋಣ. ಸಂಪಾದಕರಿಂದ ಸ್ವೀಕೃತಿ ಪತ್ರ ಬಂದಿದ್ದರೆ ‘ಪ್ರಕಟಣೆಗೆ ಸ್ವೀಕೃತ’ ಎಂದು ಜರ್ನಲ್ ಹೆಸರಿನೊಂದಿಗೆ ಬರೆಯಿರಿ, ಪತ್ರದ ಪ್ರತಿಯನ್ನು ಸಂದರ್ಶನಕ್ಕೆ ಒಯ್ಯಿರಿ. ಕಳಿಸಿ ಉತ್ತರಕ್ಕೆ ಕಾಯುತ್ತಿದ್ದರೆ ‘ಪರಿಶೀಲನೆಗೆ ಸಲ್ಲಿಸಲಾಗಿದೆ’ ಎಂದಷ್ಟೇ ಸಾಕು. ಬರೆಯುತ್ತಿರುವ ಲೇಖನದ ಪೂರ್ಣ ಕರಡು ಕೈಯಲ್ಲಿದ್ದು, ಸಮಿತಿಯವರು ಕೇಳಿದ ದಿನವೇ ಕಳಿಸಿಕೊಡಲು ಸಾಧ್ಯವಿದ್ದರೆ ಮಾತ್ರ ಅದನ್ನು ಹೆಸರಿಸಿ; ಬರೀ ಶೀರ್ಷಿಕೆ ಮತ್ತು ಟಿಪ್ಪಣಿಗಳಿದ್ದರೆ ಅದರ ಜಾಗ ಸಂಶೋಧನಾ ಯೋಜನೆಯ ಪುಟ. ಸಹಲೇಖಕರಿದ್ದರೆ ಅವರ ಒಪ್ಪಿಗೆ ಪಡೆಯಿರಿ, ಮಾರ್ಗದರ್ಶಕರ ಒಪ್ಪಿಗೆಯೂ ಅದರಲ್ಲಿ ಸೇರಿದೆ.

ಇನ್ನು ಆ ನಂಬಿಕೆಯ ವಿಚಾರ. ದೊಡ್ಡ ಜರ್ನಲ್‌ಗೆ ಲೇಖನ ಕಳಿಸುವುದಕ್ಕೆ ಯಾವ ಅರ್ಹತೆಯೂ ಬೇಕಿಲ್ಲ. ಜಾಲತಾಣದಲ್ಲಿ ಖಾತೆ ತೆರೆದು ಕಡತ ಏರಿಸಿದರೆ ಸಲ್ಲಿಕೆ ಮುಗಿಯಿತು. ‘ನೇಚರ್’ ಪತ್ರಿಕೆ ತನಗೆ ಬರುವ ಲೇಖನಗಳಲ್ಲಿ ನೂರಕ್ಕೆ ಹತ್ತನ್ನೂ ಪ್ರಕಟಿಸುವುದಿಲ್ಲ, ಬಂದವುಗಳಲ್ಲಿ ಹೆಚ್ಚಿನವು ತಜ್ಞರ ಕೈಸೇರುವ ಮೊದಲೇ ಸಂಪಾದಕರ ಮೇಜಿನಿಂದ ಹಿಂದಿರುಗುತ್ತವೆ. ಆದ್ದರಿಂದ ಸಲ್ಲಿಸಿದ ಲೇಖನದ ಮುಂದೆ ಬರೆದ ಜರ್ನಲ್ ಹೆಸರು ನಿಮ್ಮ ಆಸೆಯನ್ನು ತಿಳಿಸುತ್ತದೆ; ಲೇಖನದ ಗುಣಮಟ್ಟದ ಬಗ್ಗೆ ಅದು ಏನನ್ನೂ ತಿಳಿಸುವುದಿಲ್ಲ. ಕೆಪಿಎಸ್‌ಸಿಗೆ ಅರ್ಜಿ ಹಾಕಿದ್ದನ್ನು ಯಾರೂ ಸೇವಾನುಭವದ ಪಟ್ಟಿಯಲ್ಲಿ ಬರೆಯುವುದಿಲ್ಲ, ಇದೂ ಅಷ್ಟೇ. ಸಮಿತಿಯಲ್ಲಿ ಕುಳಿತವರು ತಾವೂ ಅಂಥ ಜರ್ನಲ್‌ಗಳಿಗೆ ಕಳಿಸಿದವರು, ತಿರಸ್ಕಾರದ ಪತ್ರ ಓದಿದವರು. ಅವರಿಗೆ ಇದು ಗೊತ್ತಿರುವುದಿಲ್ಲವೆಂದು ಅಭ್ಯರ್ಥಿಗಳು ಯಾವ ಆಧಾರದ ಮೇಲೆ ಭಾವಿಸುತ್ತಾರೋ ನನಗೆ ಇಂದಿಗೂ ಅರ್ಥವಾಗಿಲ್ಲ.

ಅಂಕಗಳ ಲೆಕ್ಕದಲ್ಲಾದರೂ ಪ್ರಯೋಜನವಾದೀತೇ ಎಂದರೆ ಅದೂ ಇಲ್ಲ. ಯುಜಿಸಿಯ 2018ರ ನಿಯಮಾವಳಿಯಲ್ಲಿ, ವಿಶ್ವವಿದ್ಯಾಲಯಗಳ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅಭ್ಯರ್ಥಿಗಳನ್ನು ಸಂದರ್ಶನಕ್ಕೆ ಆರಿಸುವ ಕೋಷ್ಟಕವು ಪ್ರಕಟವಾದ ಪ್ರತಿ ಸಂಶೋಧನಾ ಲೇಖನಕ್ಕೆ 2 ಅಂಕದಂತೆ ಹೆಚ್ಚೆಂದರೆ 10 ಅಂಕ ಕೊಡುತ್ತದೆ. ಸಲ್ಲಿಸಿದ ಲೇಖನ ಎಲ್ಲಿಗೇ ಹೋಗಿರಲಿ, ಆ ಕೋಷ್ಟಕದಲ್ಲಿ ಅದಕ್ಕೆ ಸಿಗುವುದು ಸೊನ್ನೆ.

ಹೆಸರು ಬರೆಯುವುದರಿಂದ ಲಾಭವಿಲ್ಲದಿರುವುದಷ್ಟೇ ಅಲ್ಲ, ನಷ್ಟವೂ ಇದೆ. ಈ ವರ್ಷದ ಸಿ.ವಿ.ಯಲ್ಲಿ ಒಂದು ಜರ್ನಲ್, ಮುಂದಿನ ವರ್ಷದ್ದರಲ್ಲಿ ಅದೇ ಶೀರ್ಷಿಕೆಯ ಮುಂದೆ ಇನ್ನೊಂದು ಜರ್ನಲ್ ಕಂಡರೆ, ಎರಡನ್ನೂ ನೋಡಿದ ವಿಷಯ ತಜ್ಞರಿಗೆ ನಡುವೆ ಏನಾಯಿತೆಂದು ನೀವೇ ಹೇಳಿದಂತಾಗುತ್ತದೆ. ಲೇಖಕರ ಹೆಸರು ಮರೆಮಾಡಿ ಪರಿಶೀಲಿಸುವ ಜರ್ನಲ್‌ಗಳ ವಿಷಯದಲ್ಲಿ, ಎಲ್ಲರಿಗೂ ಕಾಣುವ ಸಿ.ವಿ.ಯಲ್ಲಿ ಶೀರ್ಷಿಕೆಯನ್ನೂ ಜರ್ನಲ್ ಹೆಸರನ್ನೂ ಒಟ್ಟಿಗೆ ಹಾಕುವುದು ಆ ಏರ್ಪಾಟನ್ನೇ ಕೆಡಿಸುತ್ತದೆ. ಅಮೆರಿಕನ್ ಸೈಕಾಲಜಿಕಲ್ ಅಸೋಸಿಯೇಷನ್ನಿನ ಉಲ್ಲೇಖ ಶೈಲಿ, ಅಂದರೆ ನಮ್ಮ ಸಮಾಜ ವಿಜ್ಞಾನ ವಿಭಾಗಗಳಲ್ಲಿ ಎಲ್ಲರಿಗೂ ಪರಿಚಿತವಾದ ಎಪಿಎ ಶೈಲಿ, ಸಲ್ಲಿಸಿದ ಹಸ್ತಪ್ರತಿಯ ಉಲ್ಲೇಖದಲ್ಲಿ ಜರ್ನಲ್ ಹೆಸರನ್ನು ಕೊಡಬಾರದೆಂದು ಸ್ಪಷ್ಟವಾಗಿಯೇ ಹೇಳುತ್ತದೆ. ವಿದ್ಯಾರ್ಥಿಗಳು ಪ್ರಬಂಧದ ತುಂಬ ಎಪಿಎ ಬಳಸಿ, ಸಿ.ವಿ.ಗೆ ಬಂದಾಗ ಈ ಒಂದು ನಿಯಮವನ್ನು ಮರೆಯುತ್ತಾರೆ.

ಹಾಗಾದರೆ ಅಪ್ರಕಟಿತ ಕೆಲಸಕ್ಕೆ ತೂಕ ಬರುವುದು ಎಲ್ಲಿಂದ? ಓದಿ ನೋಡುವ ಅವಕಾಶದಿಂದ. ವಿಜ್ಞಾನ, ಗಣಿತ, ಅರ್ಥಶಾಸ್ತ್ರದವರಿಗೆ ಇದರ ದಾರಿ ಹೊಸದಲ್ಲ: ಭೌತವಿಜ್ಞಾನಿಗಳು 1991ರಿಂದ ಬಳಸುತ್ತಿರುವ ‘ಆರ್ಕೈವ್’, ಜೀವವಿಜ್ಞಾನಿಗಳಿಗಾಗಿ 2013ರಲ್ಲಿ ಬಂದ ‘ಬಯೋಆರ್ಕೈವ್’ ಮುಂತಾದ ಭಂಡಾರಗಳಲ್ಲಿ ಲೇಖನವನ್ನು ಪ್ರಿಪ್ರಿಂಟ್ ರೂಪದಲ್ಲಿ ಇಟ್ಟರೆ ಅದಕ್ಕೊಂದು ಗುರುತು ಸಂಖ್ಯೆ ಸಿಗುತ್ತದೆ, ಏರಿಸಿದ ದಿನಾಂಕ ದಾಖಲಾಗುತ್ತದೆ, ಸಮಿತಿಯ ಸದಸ್ಯರು ತೆರೆದು ಓದಬಹುದು. ತಜ್ಞರ ಪರಿಶೀಲನೆ ಆಗಿಲ್ಲವೆಂಬುದು ಎಲ್ಲರಿಗೂ ತಿಳಿದೇ ಇರುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು, ಅಂದರೆ ಎನ್‌ಐಎಚ್, 2017ರಿಂದ ಅನುದಾನದ ಅರ್ಜಿಗಳಲ್ಲಿ ಪ್ರಿಪ್ರಿಂಟ್‌ಗಳ ಉಲ್ಲೇಖಕ್ಕೆ ಅವಕಾಶ ಕೊಟ್ಟಿವೆ. ಪೋಸ್ಟ್‌ಡಾಕ್‌ಗೆ ಹೊರಡುವವರು ಇದನ್ನು ಗಮನಿಸಬೇಕು. ಪ್ರಿಪ್ರಿಂಟ್ ಇಡುವ ಮೊದಲು ನಿಮ್ಮ ಜರ್ನಲ್ ಅದನ್ನು ಒಪ್ಪುತ್ತದೆಯೇ ಎಂದು ನೋಡಿಕೊಳ್ಳಿ. ಕನ್ನಡ ಅಧ್ಯಯನ, ಇತಿಹಾಸ, ಜಾನಪದ ವಿಭಾಗಗಳಲ್ಲಿ ಈ ರೂಢಿ ಅಷ್ಟಾಗಿ ಇಲ್ಲದ ಕಾರಣ, ‘ಕರಡು ಕೋರಿಕೆಯ ಮೇರೆಗೆ ಲಭ್ಯ’ ಎಂದು ಬರೆದು, ತಪ್ಪು ತಿದ್ದಿದ ಪ್ರತಿಯನ್ನು ಸಿದ್ಧವಾಗಿಟ್ಟುಕೊಳ್ಳುವುದು ಒಳ್ಳೆಯದು. ಸಂದರ್ಶನದಲ್ಲಿ ಈ ಲೇಖನದ ಮೇಲೆಯೇ ಪ್ರಶ್ನೆಗಳು ಬರುತ್ತವೆ, ಮತ್ತು ಹೊಸ ಕೆಲಸದ ಬಗ್ಗೆ ಬೆಳಗುವ ಮುಖದಿಂದ ಹತ್ತು ನಿಮಿಷ ಮಾತನಾಡಬಲ್ಲ ಅಭ್ಯರ್ಥಿಯನ್ನು ಕಂಡಾಗ ಪಾಠ ಹೇಳಿದ ನಮಗೆ ಆಗುವ ಸಂತೋಷ ದೊಡ್ಡದು.

ನೀವು ಕೇಳಿಲ್ಲ, ಆದರೂ ಇದಕ್ಕೆ ಅಂಟಿಕೊಂಡ ಇನ್ನೊಂದು ಸಂಗತಿ ಇದೆ: ಪಿಎಚ್.ಡಿ. ಮಹಾಪ್ರಬಂಧವನ್ನು ಪ್ರಕಟಣೆ ಎನ್ನಬಹುದೇ? ಇನ್‌ಫ್ಲಿಬ್‌ನೆಟ್ ನಡೆಸುವ ‘ಶೋಧಗಂಗಾ’ದಲ್ಲಿ ಪ್ರಬಂಧ ಎಲ್ಲರಿಗೂ ಸಿಗುವುದರಿಂದ ಅದು ಪ್ರಕಟವಾದಂತೆಯೇ ಎಂದು ಕೆಲವರು ಅದನ್ನು ಪ್ರಕಟಣೆಗಳ ಪಟ್ಟಿಯ ಮೊದಲಿಗೇ ಹಾಕುತ್ತಾರೆ. ಮೇಲೆ ಹೇಳಿದ ಕೋಷ್ಟಕ ಪಿಎಚ್.ಡಿ. ಪದವಿಗೆಂದೇ 30 ಅಂಕ ಇಟ್ಟಿದೆ. ಅದೇ ಪ್ರಬಂಧಕ್ಕೆ ಪ್ರಕಟಣೆಯ ಅಂಕವನ್ನೂ ಕೇಳಿದರೆ ಒಂದು ಕೆಲಸವನ್ನು ಎರಡು ಸಲ ಎಣಿಸಿದಂತೆ. ಪ್ರಬಂಧದ ಶೀರ್ಷಿಕೆ, ವಿಶ್ವವಿದ್ಯಾಲಯ, ವರ್ಷ ಮತ್ತು ಶೋಧಗಂಗಾದ ಕೊಂಡಿಯನ್ನು ವಿದ್ಯಾಭ್ಯಾಸದ ಭಾಗದಲ್ಲಿ ಕೊಡಿ. ಅದರ ಅಧ್ಯಾಯವೊಂದನ್ನು ಪರಿಷ್ಕರಿಸಿ ಜರ್ನಲ್‌ನಲ್ಲಿ ಪ್ರಕಟಿಸಿದ್ದರೆ ಆ ಲೇಖನ ಮಾತ್ರ ಪ್ರಕಟಣೆಗಳ ಪಟ್ಟಿಗೆ ಸೇರುತ್ತದೆ, ಅದು ಪ್ರಬಂಧದಿಂದ ರೂಪುಗೊಂಡಿತೆಂಬ ಒಂದು ಸಾಲಿನ ಸೂಚನೆಯೊಂದಿಗೆ.