ಕೂಲರ್ ಮಾರ್ಚ್‌ನಲ್ಲಿ ತಂಪು, ಮಳೆ ಬಿದ್ಮೇಲೆ ಜಿಗಿಜಿಗಿ ಯಾಕೆ? ವೆಟ್ ಬಲ್ಬ್ ನೋಟ್ಸ್

ವೆಟ್ ಬಲ್ಬ್ ಅಂತ ಬಂದ ಕೂಡ್ಲೆ ತುಂಬಾ ಜನ ಡೆಫಿನಿಷನ್ ಬಾಯಿಪಾಠ ಮಾಡಿ ಮುಂದೆ ಹೋಗ್ತಾರೆ, ಆದ್ರೆ ದಾವಣಗೆರೆಲಿ ಕೂಲರ್ ತಗೋಬೇಕಾ ಎಸಿ ಹಾಕಿಸ್ಬೇಕಾ ಅನ್ನೋದಕ್ಕೆ ಉತ್ತರ ಇದ್ರಲ್ಲೇ ಐತೆ.

ಥರ್ಮಾಮೀಟರ್ ಬುಡಕ್ಕೆ ಒದ್ದೆ ಹತ್ತಿಬಟ್ಟೆ ಸುತ್ತಿ ಫ್ಯಾನ್ ಗಾಳಿಗೆ ಹಿಡೀರಿ. ನೀರು ಆರ್ತಾ ಆರ್ತಾ ಶಾಖ ಎಳ್ಕೊಳ್ಳುತ್ತೆ, ರೀಡಿಂಗ್ ಇಳಿದು ಒಂದು ಕಡೆ ನಿಲ್ಲುತ್ತೆ, ಅದೇ ವೆಟ್ ಬಲ್ಬ್ ಟೆಂಪರೇಚರ್. ಮಾಮೂಲಿ ಕೂಲರ್ ಎಷ್ಟೇ ದೊಡ್ಡದಿರ್ಲಿ, ಗಾಳಿನ ಅದಕ್ಕಿಂತ ಕೆಳಗೆ ಇಳಿಸಕ್ಕಾಗಲ್ಲ. ಕೂಲರ್‌ನ ಪ್ಯಾಡ್ (ಗಾಳಿ ಹಾಯೋ ಒದ್ದೆ ಪದರ) ಚೆನ್ನಾಗಿದ್ರೆ ಹೊರಗಿನ ಟೆಂಪರೇಚರ್‌ಗೂ ವೆಟ್ ಬಲ್ಬ್‌ಗೂ ಇರೋ ವ್ಯತ್ಯಾಸದಲ್ಲಿ ಸುಮಾರು 75% ಇಳಿಸುತ್ತೆ ಅಂತ ಇಟ್ಕೊಳ್ಳಿ.

ಈಗ ಲೆಕ್ಕ. ಹೊರಗೆ 38 ಡಿಗ್ರಿ, ತೇವಾಂಶ 20% ಇದ್ರೆ ವೆಟ್ ಬಲ್ಬ್ ಸುಮಾರು 21, ಅಂದ್ರೆ ಕೂಲರ್ ಗಾಳಿ 25ರ ಆಸುಪಾಸು, ಸೂಪರ್. ಮೇ ತಿಂಗಳ ಗುಡುಗು ಮಳೆ ಬಿದ್ದು 32 ಡಿಗ್ರಿ, ತೇವಾಂಶ 70% ಆಯ್ತು ಅನ್ನಿ, ವೆಟ್ ಬಲ್ಬ್ 27.5ರ ಹತ್ರ, ಕೂಲರ್ ಕೊಡೋದು 28.6, ಅದೂ ತೇವ ತುಂಬ್ಕೊಂಡಿರೋ ಗಾಳಿ, ಮೈ ಬೆವರು ಆರೋದೇ ಇಲ್ಲ. ಅದಕ್ಕೇ ಒಣ ಹವೆಯ ಚಿತ್ರದುರ್ಗದ ಕಡೆ ಮಾರ್ಚ್-ಏಪ್ರಿಲ್‌ನಲ್ಲಿ ಕೂಲರ್ ಹೊಗಳೋರು ಜೂನ್‌ನಲ್ಲಿ ಅದನ್ನೇ ಬೈತಾರೆ.

ಟ್ಯಾಂಕಿಗೆ ಐಸ್ ಹಾಕೋ ಐಡಿಯಾ ಎಲ್ಲರೂ ಹೇಳ್ತಾರೆ. 1 ಕೆಜಿ ಐಸ್ ಕರಗೋಕೆ 334 ಕಿಲೋಜೂಲ್ ಬೇಕು, 1 ಕೆಜಿ ನೀರು ಆವಿಯಾಗೋಕೆ ಸುಮಾರು 2400. ಏಳು ಪಟ್ಟು! ಕೆಲಸ ಮಾಡೋದು ಆವಿನೇ, ಐಸ್ ಬರೀ ಸಮಾಧಾನಕ್ಕೆ. ಇನ್ನೊಂದು, ಕೂಲರ್ ಹಾಕಿ ಕಿಟಕಿ ಬಾಗ್ಲು ಎಲ್ಲಾ ಮುಚ್ಚಬಾರ್ದು, ಒಳಗಿನ ತೇವ ಹೊರಗೆ ಹೋಗ್ಲೇಬೇಕು. ಬೋರ್‌ವೆಲ್ ಗಡಸು ನೀರಾದ್ರೆ ಪ್ಯಾಡ್ ಮೇಲೆ ಬಿಳಿ ಉಪ್ಪು ಕಟ್ಟುತ್ತೆ, ಗಾಳಿ ಹಾಯಲ್ಲ, ಆಗಾಗ ಟ್ಯಾಂಕ್ ಖಾಲಿ ಮಾಡಿ ತೊಳೀರಿ.

ಫ್ಯಾನ್ ಗಾಳಿನ ತಣ್ಣಗೆ ಮಾಡಲ್ಲ, ಬೆವರು ಆರಿಸುತ್ತೆ ಅಷ್ಟೇ, ಖಾಲಿ ರೂಮಲ್ಲಿ ತಿರುಗಿದ್ರೆ ಕರೆಂಟ್ ದಂಡ. ಹಳೇದು 75 ವಾಟ್, ಬಿಎಲ್‌ಡಿಸಿ (ಕಮ್ಮಿ ಕರೆಂಟ್ ತಿನ್ನೋ ಹೊಸ ಥರದ ಮೋಟಾರ್) ಆದ್ರೆ 30ರ ಹತ್ರ.

ಎಸಿ ಮಾತ್ರ ಬೇರೆ ಜಾತಿ. ಅದ್ರೊಳಗಿನ ಕಾಯಿಲ್ (ತಣ್ಣನೆ ಪೈಪಿನ ಸುರುಳಿ) ಡ್ಯೂ ಪಾಯಿಂಟ್‌ಗಿಂತ, ಅಂದ್ರೆ ಗಾಳಿಯ ತೇವ ನೀರಾಗೋಕೆ ಶುರುವಾಗೋ ಟೆಂಪರೇಚರ್‌ಗಿಂತ, ತಣ್ಣಗಿರೋದ್ರಿಂದ ಗಾಳಿಯಲ್ಲಿರೋ ತೇವ ನೀರಾಗಿ ಪೈಪಲ್ಲಿ ಹೊರಗೆ ತೊಟ್ಟಿಕ್ಕುತ್ತೆ, ಹಂಗಾಗಿ ಮಳೆ ಸೆಕೆಗೂ ಕೆಲಸ ಮಾಡುತ್ತೆ. 1 ಟನ್ ಅಂದ್ರೆ ತೂಕ ಅಲ್ರಪ್ಪ, ಗಂಟೆಗೆ 12,000 ಬಿಟಿಯು (ಶಾಖದ ಒಂದು ಅಳತೆ), ಅಂದ್ರೆ ಸುಮಾರು 3.5 ಕಿಲೋವಾಟ್ ಶಾಖ ಹೊರಗೆ ಹಾಕೋ ತಾಕತ್ತು. ಆದ್ರೆ ಆರ್‌ಸಿಸಿ ತಾರಸಿ ಇಡೀ ದಿನ ಕಾದು ರಾತ್ರಿ ಪೂರ್ತಿ ಒಳಗೆ ಶಾಖ ಬಿಡ್ತಿದ್ರೆ ಅರ್ಧ ಎಸಿ ಅದಕ್ಕೇ ಹೋಗುತ್ತೆ. ನನ್ ಪ್ರಕಾರ ಮೊದ್ಲು ತಾರಸಿಗೆ ಬಿಳಿ ಸುಣ್ಣನೋ ಬಿಸಿಲು ವಾಪಸ್ ಕಳ್ಸೋ ಪೇಂಟೋ ಹೊಡೀಬೇಕು, ಆಮೇಲೆ ಮಷೀನ್ ಮಾತು. ದಪ್ಪ ಮಣ್ಣಿನ ಮಾಳಿಗೆ ಮನೆ ಇರೋರಿಗೆ ಈ ತಲೆನೋವೇ ಕಮ್ಮಿ.

ಒಂದು ಲೆಕ್ಕ ನೀವೇ ಮಾಡಿ: ಹೊರಗೆ 36, ವೆಟ್ ಬಲ್ಬ್ 24, ಪ್ಯಾಡ್ 75%. ಉತ್ತರ 27 ಬರಬೇಕು.